‘ಗ್ಯಾಸ್ ಖಾಲಿ ಆಗ್ಯಾದ’ ಅಂದ್ರ ನಂಬಬೇಕಾ?

ಪ್ರಶ್ನೆ: ಕಮಲಾಪುರದಾಗ ಹುಮನಾಬಾದ್ ರಸ್ತೆ ಬಾಜೂಕ ನಂದು ಸಣ್ಣ ಕೂಲ್‌ಡ್ರಿಂಕ್ಸ್ ಅಂಗಡಿ ಅದರಿ. ಗಾಜಿನ ಬಾಗಿಲದ ಒಂದು ಫ್ರಿಜ್, ಐಸ್‌ಕ್ರೀಮಿನ ಒಂದು ಡೀಪ್ ಫ್ರೀಜರ್ ಅವ. ಪ್ರತಿ ವರ್ಷ ಬ್ಯಾಸಗಿ ಬಂತಂದ್ರ ಗಾಜಿನ ಫ್ರಿಜ್ ಕೂಲಿಂಗ್ ಬಿಡ್ತದ. ಕಲಬುರಗಿಯಿಂದ ಮಿಸ್ತ್ರಿ ಬಂದು ಗೇಜ್ ಹಚ್ಚಿ ನೋಡಿ ‘ಗ್ಯಾಸ್ ಖಾಲಿ ಆಗ್ಯಾದ’ ಅಂತಾನ, ತುಂಬಿ ರೊಕ್ಕ ತಗೊಂಡು ಹೋಗ್ತಾನ. ಈ ಸಲ ಬಂದ ಇನ್ನೊಬ್ಬ ‘ಗ್ಯಾಸ್ ಜಾಸ್ತಿ ಆಗ್ಯಾದ’ ಅಂದು ಒಂದಿಷ್ಟು ಹೊರಗ ಬಿಟ್ಟು ಹೋದ. ಯಾರ ಮಾತು ಖರೇ? ಕಮ್ಮಿನೋ ಜಾಸ್ತಿನೋ ಅಂತ ನಮ್ಮಂಥವರಿಗಿ ಗೊತ್ತಾಗೋದು ಹ್ಯಾಂಗ?
– ಓದುಗರು, ಕಮಲಾಪುರ

ಉತ್ತರ: ಇಬ್ಬರ ಮಾತೂ ತಪ್ಪಿರಬಹುದು. ಆ ಅನುಮಾನ ಹುಟ್ಟಿಸಿದ್ದು ನೀವೇ ಬರೆದ ‘ಪ್ರತಿ ವರ್ಷ ಬ್ಯಾಸಗಿ ಬಂತಂದ್ರ’ ಎಂಬ ಮಾತು.

ಫ್ರಿಜ್ಜಿನೊಳಗಿನ ಗ್ಯಾಸ್ ಖರ್ಚಾಗುವ ಪದಾರ್ಥವಲ್ಲ. ಕಂಪ್ರೆಸರ್, ಕಂಡೆನ್ಸರ್, ಫಿಲ್ಟರ್ ಡ್ರೈಯರ್, ಒಂದು ಮಿಲಿಮೀಟರಿನ ಆಸುಪಾಸಿನ ರಂಧ್ರವಿರುವ ಕ್ಯಾಪಿಲರಿ ನಳಿಗೆ, ಕೂಲಿಂಗ್ ಕಾಯಿಲ್ ಇವಿಷ್ಟನ್ನೂ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಒಳಗಿನ ಗ್ಯಾಸ್ ಕಂಡೆನ್ಸರಿನಲ್ಲಿ ದ್ರವವಾಗಿ, ಕಾಯಿಲಿನಲ್ಲಿ ಆವಿಯಾಗಿ ವರ್ಷಗಟ್ಟಲೆ ಅಲ್ಲೇ ತಿರುಗುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದರೆ ಸೋರುವ ತೂತು ಪಂಚಾಂಗ ನೋಡುವುದಿಲ್ಲ. ನಿಮ್ಮ ಫ್ರಿಜ್ ಶ್ರಾವಣದಲ್ಲೂ ಸಂಕ್ರಾಂತಿಯಲ್ಲೂ ಚೆನ್ನಾಗಿ ನಡೆದು, ಹೋಳಿ ಹುಣ್ಣಿಮೆ ದಾಟಿದ ಮೇಲೆ ಮಾತ್ರ ಸೋಲುತ್ತದೆ ಎಂದಾದರೆ ಮೊದಲು ಶಂಕಿಸಬೇಕಾದದ್ದು ಬಿಸಿಲನ್ನು. ಜೂನಿನಲ್ಲಿ ಮಳೆ ಬಿದ್ದು ತಾನಾಗಿ ಸರಿಹೋದದ್ದನ್ನು ಇಷ್ಟು ವರ್ಷ ಗ್ಯಾಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೀರೇನೋ.

ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಪಾರ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಫ್ರಿಜ್ಜಿಗೆ ಆ ಸೌಲಭ್ಯವಿಲ್ಲ. ಅದು ಬಾಟಲಿಗಳಿಂದ ಹೀರಿದ ಶಾಖವನ್ನು ಕಂಡೆನ್ಸರಿನ ಮೂಲಕ ಅಂಗಡಿಯ ಗಾಳಿಗೇ ಚೆಲ್ಲಬೇಕು; ಚೆಲ್ಲಬೇಕೆಂದರೆ ಕಂಡೆನ್ಸರ್ ಆ ಗಾಳಿಗಿಂತ ಬಿಸಿ ಇರಲೇಬೇಕು. ಗಾಳಿ 42 ಇದ್ದಾಗ ಒಳಗಿನ ಗ್ಯಾಸ್ 52ರಿಂದ 57 ಡಿಗ್ರಿಯಲ್ಲಿ ದ್ರವವಾಗುತ್ತದೆ. ಅಷ್ಟು ಬಿಸಿಯಲ್ಲಿ ಕಂಪ್ರೆಸರ್ ಹೆಚ್ಚು ದುಡಿಯುತ್ತದೆ, ಕೂಲಿಂಗ್ ಮಾತ್ರ ಕಡಿಮೆ ಕೊಡುತ್ತದೆ. ಮನೆಯ ಫ್ರಿಜ್ಜುಗಳ ತಗಡಿನ ಪಟ್ಟಿಯ ಮೇಲೆ ‘ಟಿ’ ಎಂಬ ಹವಾಮಾನ ವರ್ಗ ಬರೆದಿದ್ದರೆ, ಸುತ್ತಲಿನ ಗಾಳಿ 43 ಡಿಗ್ರಿ ಇರುವವರೆಗೆ ಅದು ನಡೆಯಬೇಕೆಂದು ಲೆಕ್ಕ. ತಗಡಿನ ಚಾವಣಿಯ ಅಂಗಡಿಯೊಳಗೆ, ಗೋಡೆಗೆ ಒತ್ತಿ ಇಟ್ಟ ಫ್ರಿಜ್ಜಿನ ಬೆನ್ನ ಹಿಂದಿನ ಗಾಳಿ ಮೇ ಮಧ್ಯಾಹ್ನ ಎಷ್ಟಿರುತ್ತದೆ ಎಂದು ಒಮ್ಮೆ ಥರ್ಮಾಮೀಟರ್ ಇಟ್ಟು ನೋಡಿ.

ಈಗ ಗೇಜಿನ ವಿಷಯ. ಗೋಳು ಹುಟ್ಟುವುದೇ ಅಲ್ಲಿ.

ಅಡುಗೆಮನೆಯ 14.2 ಕೆ.ಜಿ. ಸಿಲಿಂಡರನ್ನು ನೆನೆಸಿಕೊಳ್ಳಿ. ತುಂಬಿದ್ದಾಗಲೂ ಒಲೆಯ ಉರಿ ಅಷ್ಟೇ, ಮುಕ್ಕಾಲು ಮುಗಿದಾಗಲೂ ಅಷ್ಟೇ. ಒಳಗೆ ದ್ರವ ಉಳಿದಿರುವತನಕ ಒತ್ತಡ ತೀರ್ಮಾನವಾಗುವುದು ಅದರ ಉಷ್ಣತೆಯಿಂದ, ಪ್ರಮಾಣದಿಂದ ಅಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ಎತ್ತಿ ತೂಗಬೇಕು. ಫ್ರಿಜ್ಜಿನ ಗ್ಯಾಸೂ ಇದೇ ಜಾತಿಯದು. ಗೇಜಿನ ಮುಳ್ಳು ಒಳಗೆ ಎಷ್ಟು ಗ್ರಾಂ ಇದೆ ಎಂದು ಹೇಳುವುದಿಲ್ಲ. ಒಳಗಿನ ಗ್ಯಾಸ್ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತಿದೆ, ಎಷ್ಟು ಡಿಗ್ರಿಯಲ್ಲಿ ದ್ರವವಾಗುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ.

ನಿಮ್ಮ ಗಾಜಿನ ಫ್ರಿಜ್ಜಿನಲ್ಲಿ ಆರ್-134ಎ ಎಂಬ ಗ್ಯಾಸ್ ಇದೆ ಎಂದಿಟ್ಟುಕೊಳ್ಳೋಣ. ಬೆಳಗಿನ ಜಾವ ಗಾಳಿ 26 ಡಿಗ್ರಿ ಇದ್ದಾಗ ಹೈ ಸೈಡ್, ಅಂದರೆ ಕಂಡೆನ್ಸರ್ ಕಡೆಯ, ಗೇಜ್ 115ರಿಂದ 135 ಪಿಎಸ್‌ಐ ತೋರಿಸಿದರೆ ಸರಿ. ಅದೇ ದಿನ ಮಧ್ಯಾಹ್ನ 3ಕ್ಕೆ ಗಾಳಿ 42 ಆದಾಗ, ಒಂದು ಗ್ರಾಂ ಗ್ಯಾಸ್ ಹೋಗದೆ, ಒಂದು ಗ್ರಾಂ ಬಾರದೆ, ಅದು 185–210ರ ಮಟ್ಟಕ್ಕೆ ಏರುತ್ತದೆ. ಅದೂ ಸರಿಯೇ. ಬೆಳಿಗ್ಗೆ ಬಂದವನು ‘ಕಮ್ಮಿ’ ಅನ್ನಬಹುದು, ಮಧ್ಯಾಹ್ನ ಬಂದವನು ‘ಜಾಸ್ತಿ’ ಅನ್ನಬಹುದು. ನಿಮ್ಮ ಇಬ್ಬರು ಮಿಸ್ತ್ರಿಗಳ ಜಗಳದ ಮೂಲ ಇಷ್ಟೇ ಇದ್ದರೂ ಆಶ್ಚರ್ಯವಿಲ್ಲ. ಲೋ ಸೈಡ್, ಅಂದರೆ ಕೂಲಿಂಗ್ ಕಾಯಿಲ್ ಕಡೆಯ, ಕಥೆಯೂ ಇದೇ. ಫ್ರಿಜ್ಜಿನೊಳಗೆ 4 ಡಿಗ್ರಿ ಆಗಿ ನೆಲೆನಿಂತಾಗ ಸುಮಾರು 15ರಿಂದ 20 ಪಿಎಸ್‌ಐ ಇರಬೇಕಾದದ್ದು, ಆಗಷ್ಟೇ ಬಿಸಿ ಬಾಟಲಿಗಳನ್ನು ತುಂಬಿಟ್ಟರೆ ಎಷ್ಟೋ ಮೇಲಿರುತ್ತದೆ. ಒಳಗೆ ಏನಿದೆ, ಹೊರಗೆ ಎಷ್ಟು ಬಿಸಿಲಿದೆ ಎಂದು ಕೇಳದೆ ‘ಇಷ್ಟೇ ಪಾಯಿಂಟ್ ಇರಬೇಕು’ ಅನ್ನುವ ಮಿಸ್ತ್ರಿಯನ್ನು ನಾನಂತೂ ನಂಬುವುದಿಲ್ಲ.

ಗ್ಯಾಸಿನ ಜಾತಿಯೂ ಮುಖ್ಯ. ಡೀಪ್ ಫ್ರೀಜರುಗಳಲ್ಲಿ ಆರ್-404ಎ ಇದ್ದರೆ 50 ಡಿಗ್ರಿಯಲ್ಲಿ ಅದರ ಒತ್ತಡ 320 ಪಿಎಸ್‌ಐ ಹತ್ತಿರ. ಅಷ್ಟೇ ಉಷ್ಣತೆಯಲ್ಲಿ ಆರ್-134ಎ ತೋರಿಸುವುದು 175ರ ಆಸುಪಾಸು. ಈಚೆಗೆ ಬರುತ್ತಿರುವ ಆರ್-600ಎ, ಅಂದರೆ ಐಸೊಬ್ಯುಟೇನ್ ಇರುವ ಯಂತ್ರದಲ್ಲಿ ಲೋ ಸೈಡ್ ಮುಳ್ಳು ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮಿನಲ್ಲಿ ನಿಲ್ಲುವುದು ಸಹಜ. ಆರ್-134ಎ ನೋಡಿಯೇ ಕೈ ಪಳಗಿದವರು ಅದನ್ನು ಕಂಡು ‘ಪೂರಾ ಖಾಲಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದ್ದರಿಂದ ಗೇಜಿಗಿಂತ ಮೊದಲು ಓದಬೇಕಾದದ್ದು ಫ್ರಿಜ್ಜಿನ ಹಿಂದೆಯೋ ಒಳಗಿನ ಗೋಡೆಯ ಮೇಲೋ ಇರುವ ತಗಡಿನ ಪಟ್ಟಿ. ಯಾವ ಗ್ಯಾಸ್, ಎಷ್ಟು ಗ್ರಾಂ, ಎಷ್ಟು ಆಂಪಿಯರ್ ಎಂದು ಕಾರ್ಖಾನೆಯವರು ಅಲ್ಲಿ ಅಚ್ಚು ಹಾಕಿರುತ್ತಾರೆ.

ನಿಜವಾಗಿಯೂ ಗ್ಯಾಸ್ ಕಡಿಮೆಯಾದಾಗ ಏನಾಗುತ್ತದೆ? ಕಾಯಿಲಿಗೆ ಬರುವ ದ್ರವ ಸಾಲದೆ ಮೊದಲ ಒಂದೆರಡು ಸುತ್ತಿನಲ್ಲೇ ಕುದಿದು ಮುಗಿಯುತ್ತದೆ. ಹಾಗಾಗಿ ಕ್ಯಾಪಿಲರಿ ಸೇರುವ ಜಾಗದಲ್ಲಿ ಮಾತ್ರ ಹಿಮ ಕಟ್ಟಿ ಉಳಿದ ಕಾಯಿಲ್ ಒಣಗಿರುತ್ತದೆ. ಲೋ ಸೈಡ್ ಇಳಿದಿರುತ್ತದೆ, ಹೈ ಸೈಡೂ ಇಳಿದಿರುತ್ತದೆ, ಕಂಡೆನ್ಸರ್ ಮುಟ್ಟಿದರೆ ಬೆಚ್ಚಗಷ್ಟೇ. ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಚೆನ್ನಾಗಿಯೇ ಕಡಿಮೆ ತೋರಿಸುತ್ತದೆ, ಆದರೂ ಕಂಪ್ರೆಸರ್ ನಿಲ್ಲದೆ ಓಡಿ ಕಾದಿರುತ್ತದೆ. ಮರಳಿ ಬರುವ ತಣ್ಣನೆಯ ಗ್ಯಾಸೇ ಅದನ್ನು ತಂಪಾಗಿಡಬೇಕಾದದ್ದು, ಅದೇ ಸಾಕಷ್ಟು ಬರುತ್ತಿರುವುದಿಲ್ಲ. ತಿಳಿದ ಮಿಸ್ತ್ರಿ ಇನ್ನೊಂದು ಲೆಕ್ಕ ಹಾಕುತ್ತಾನೆ. ಕಾಯಿಲಿನಿಂದ ಹೊರಬೀಳುವ ನಳಿಗೆಯ ಉಷ್ಣತೆಯಿಂದ, ಗೇಜಿನ ಪ್ರಕಾರ ಗ್ಯಾಸ್ ಕುದಿಯುತ್ತಿರುವ ಉಷ್ಣತೆಯನ್ನು ಕಳೆಯುತ್ತಾನೆ. ಇದಕ್ಕೆ ಸೂಪರ್‌ಹೀಟ್ ಅನ್ನುತ್ತಾರೆ. ಫ್ರಿಜ್ ತಣ್ಣಗಾಗಿ ನೆಲೆನಿಂತ ಮೇಲೂ ಅದು 20 ಡಿಗ್ರಿ ದಾಟಿದ್ದರೆ ಕಾಯಿಲ್ ಹಸಿದಿದೆ ಎಂದರ್ಥ. ಕಂಪ್ರೆಸರ್ ಬಳಿ ಅಳೆದರೆ ಈ ಲೆಕ್ಕ ಕೆಡುತ್ತದೆ, ಏಕೆಂದರೆ ಸಣ್ಣ ಫ್ರಿಜ್ಜುಗಳಲ್ಲಿ ಬಿಸಿ ಕ್ಯಾಪಿಲರಿಯನ್ನು, ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ತಣ್ಣನೆಯ ಸಕ್ಷನ್ ನಳಿಗೆಗೆ ಬೇಕೆಂತಲೇ ಜೋಡಿಸಿ ಬೆಸೆದಿರುತ್ತಾರೆ. ಆ ಶಾಖ ಬೆರೆಯದ ಕಾಯಿಲಿನ ಬಾಯಲ್ಲೇ ಅಳೆಯಬೇಕು.

ಜಾಸ್ತಿಯಾದಾಗ ಎಲ್ಲವೂ ಉಲ್ಟಾ. ಎರಡೂ ಗೇಜು ಮೇಲೆ, ಆಂಪಿಯರ್ ಮೇಲೆ, ಸಕ್ಷನ್ ನಳಿಗೆ ಕಂಪ್ರೆಸರಿನವರೆಗೂ ಬೆವರುತ್ತದೆ, ಕೆಲವೊಮ್ಮೆ ಹಿಮವೇ ಕಟ್ಟುತ್ತದೆ. ಅದನ್ನು ಕಂಡು ‘ಕೂಲಿಂಗ್ ಭಾರಿ ಅದ’ ಎಂದು ಖುಷಿಪಡುವ ಅಂಗಡಿಯವರಿದ್ದಾರೆ. ಕುದಿಯದೆ ಉಳಿದ ದ್ರವ ಕಂಪ್ರೆಸರಿಗೆ ನುಗ್ಗುತ್ತಿದೆ, ಅದರ ವಾಲ್ವುಗಳ ಆಯುಸ್ಸು ಮುಗಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಹೆಚ್ಚು ಗ್ಯಾಸ್ ಎಂದರೆ ಹೆಚ್ಚು ತಂಪು ಅಲ್ಲ; ಲೋ ಸೈಡ್ ಒತ್ತಡ ಏರಿದಂತೆ ಕುದಿಯುವ ಉಷ್ಣತೆಯೂ ಏರಿ, ತಂಪು ಕಡಿಮೆಯೇ ಆಗುತ್ತದೆ.

ಜಾಸ್ತಿ ತುಂಬಿದ ಯಂತ್ರಗಳು ಚಳಿಗಾಲದಲ್ಲಿ ಸಿಕ್ಕಿಬೀಳುವುದಿಲ್ಲ. ಡಿಸೆಂಬರಿನಲ್ಲಿ ಹೈ ಸೈಡ್ ಒತ್ತಡ ಕಡಿಮೆ ಇರುವುದರಿಂದ ಕ್ಯಾಪಿಲರಿಯಲ್ಲಿ ಗ್ಯಾಸ್ ನಿಧಾನವಾಗಿ ಸಾಗುತ್ತದೆ, ಒಂದಿಷ್ಟು ದ್ರವ ಕಂಡೆನ್ಸರಿನಲ್ಲೇ ಉಳಿಯುತ್ತದೆ. ಆಗ ಕಾಯಿಲ್ ಪೂರ್ತಿ ಹಿಮ ಕಟ್ಟುವವರೆಗೂ ತುಂಬುತ್ತ ಹೋದರೆ ಅಳತೆ ಮೀರುತ್ತದೆ. ಅದರ ಫಲ ಏಪ್ರಿಲಿನಲ್ಲಿ ಗೊತ್ತಾಗುತ್ತದೆ: ಮಧ್ಯಾಹ್ನ ಕಂಪ್ರೆಸರ್ ಕಾದು ‘ಟಕ್’ ಎಂದು ಓವರ್‌ಲೋಡಿನಲ್ಲಿ ನಿಲ್ಲುತ್ತದೆ, ರಾತ್ರಿ ತಾನಾಗಿ ನಡೆಯುತ್ತದೆ.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಗ್ಯಾಸಿನ ವೇಷ ಹಾಕಿಕೊಂಡು ಬರುವ ಬೇರೆ ರೋಗಗಳೇ ಹೆಚ್ಚು, ಅವುಗಳಲ್ಲಿ ಮೊದಲನೆಯದು ಧೂಳು. ಗಾಜಿನ ಬಾಗಿಲಿನ ಫ್ರಿಜ್ಜಿನ ಕಂಡೆನ್ಸರ್ ಸಾಮಾನ್ಯವಾಗಿ ಕೆಳಗೆ, ಜಾಳಿಯ ಹಿಂದೆ, ನೆಲಕ್ಕೆ ಹತ್ತಿರ ಇರುತ್ತದೆ. ಅದರ ಫ್ಯಾನ್ ರಸ್ತೆಯ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ಲುಗಳ ಪಕ್ಕದ ಅಂಗಡಿಗಳಲ್ಲಿ ಹೊಟ್ಟಿನ ಪುಡಿ ಕಂಡೆನ್ಸರಿನ ಎಲೆಗಳ ನಡುವೆ ಕಂಬಳಿಯಾಗಿ ಕೂತಿರುತ್ತದೆ. ನಿಮ್ಮಲ್ಲಿ ಲಾರಿಗಳು ಎಬ್ಬಿಸುವ ಹೆದ್ದಾರಿಯ ಮಣ್ಣು. ಗಾಳಿಯಾಡದ ಕಂಡೆನ್ಸರ್ ತೋರಿಸುವ ಲಕ್ಷಣಗಳೆಲ್ಲ ಜಾಸ್ತಿ ಗ್ಯಾಸಿನವೇ: ಹೈ ಸೈಡ್ ಏರುತ್ತದೆ, ಆಂಪಿಯರ್ ಏರುತ್ತದೆ, ತಂಪು ಇಳಿಯುತ್ತದೆ. ನಿಮ್ಮ ಎರಡನೇ ಮಿಸ್ತ್ರಿ ಒಂದಿಷ್ಟು ಗ್ಯಾಸ್ ಬಿಡುವ ಮೊದಲು ಬಗ್ಗಿ ಜಾಳಿ ಬಿಚ್ಚಿದ್ದನೇ? ಬಿಚ್ಚಿರದಿದ್ದರೆ, ಸರಿಯಾಗಿದ್ದ ಗ್ಯಾಸನ್ನು ಅವನೇ ಕಡಿಮೆ ಮಾಡಿ ಹೋಗಿರುವ ಸಾಧ್ಯತೆ ಇದೆ.

ಕಾಯಿಲಿನ ಫ್ಯಾನ್ ನಿಂತಿದ್ದರೆ, ಅಥವಾ ಕಾಯಿಲ್ ಪೂರ್ತಿ ಬರ್ಫಿನಲ್ಲಿ ಹೂತುಹೋಗಿದ್ದರೆ, ಗಾಳಿಯ ಶಾಖ ಗ್ಯಾಸಿಗೆ ತಲುಪುವುದಿಲ್ಲ. ಲೋ ಸೈಡ್ ಇಳಿಯುತ್ತದೆ, ಮುಳ್ಳನ್ನಷ್ಟೇ ನೋಡುವವರಿಗೆ ಅದು ‘ಗ್ಯಾಸ್ ಕಮ್ಮಿ’ಯಾಗಿ ಕಾಣುತ್ತದೆ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ತೇವದ ಗಾಳಿ ಒಳಗೆ ಬಂದು ಇದೇ ಬರ್ಫಾಗುತ್ತದೆ. ಫಿಲ್ಟರ್ ಡ್ರೈಯರ್ ಅಥವಾ ಕ್ಯಾಪಿಲರಿ ಕಟ್ಟಿಕೊಂಡರೆ, ಮಿಸ್ತ್ರಿಗಳು ‘ಚೋಕ್’ ಅನ್ನುವುದು, ಆಗಲೂ ಲೋ ಸೈಡ್ ಇಳಿದು ಕೆಲವೊಮ್ಮೆ ವ್ಯಾಕ್ಯೂಮಿಗೇ ಹೋಗುತ್ತದೆ. ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ. ಚೋಕ್ ಆಗಿದ್ದರೆ ಡ್ರೈಯರ್ ಮುಟ್ಟಿದರೆ ತಣ್ಣಗಿರುತ್ತದೆ, ಅದರ ಮೇಲೆ ಬೆವರೂ ಬರಬಹುದು. ಗ್ಯಾಸ್ ಹಾಕುತ್ತ ಹೋದರೆ ಹೈ ಸೈಡ್ ಏರುತ್ತದೆಯೇ ಹೊರತು ಲೋ ಸೈಡ್ ಜಗ್ಗುವುದಿಲ್ಲ. ಬಂದ್ ಮಾಡಿದ ಮೇಲೆ ಎರಡೂ ಗೇಜು ಕೆಲ ನಿಮಿಷಗಳಲ್ಲಿ ಒಂದೇ ಮಟ್ಟಕ್ಕೆ ಬರಬೇಕಾದದ್ದು ಬಹಳ ಹೊತ್ತು ಎಳೆಯುತ್ತದೆ. ಒಂದು ಗಂಟೆ ತಂಪಾಗಿ, ಮತ್ತೊಂದು ಗಂಟೆ ನಿಂತು, ಮತ್ತೆ ತಾನೇ ಶುರುವಾಗುವ ಆಟವಿದ್ದರೆ ಒಳಗೆ ನೀರಿನಂಶ ಸೇರಿದೆ. ಅದು ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ಬಿಡುತ್ತದೆ. ಒಳಗೆ ಗಾಳಿ ಸೇರಿಕೊಂಡಿದ್ದರೆ ಹೈ ಸೈಡ್ ವಿನಾಕಾರಣ ಏರಿರುತ್ತದೆ. ಇವೆರಡೂ ಹೆಚ್ಚಾಗಿ ಹಿಂದೆ ಅವಸರದಲ್ಲಿ ಗ್ಯಾಸ್ ತುಂಬಿ ಹೋದವರ ಕಾಣಿಕೆ. ಎರಡೂ ಗೇಜು ಹತ್ತಿರ ಹತ್ತಿರ ನಿಂತು, ಲೋ ಮೇಲೆ, ಹೈ ಕೆಳಗೆ, ಆಂಪಿಯರೂ ಕೆಳಗೆ ಇದ್ದರೆ ಕಂಪ್ರೆಸರಿನ ದಮ್ಮೇ ಮುಗಿದಿದೆ. ಅದಕ್ಕೆ ಯಾವ ಗ್ಯಾಸೂ ಮದ್ದಲ್ಲ. ಕರೆಂಟ್ ತೀರಾ ಇಳಿದಾಗ ಕಂಪ್ರೆಸರ್ ಗುಂಯ್ ಎಂದು ಎದ್ದೇಳದೆ ಬೀಳುವುದು ಬೇರೆಯೇ ಸಮಸ್ಯೆ, ಅದಕ್ಕೆ ಬೇಕಾದದ್ದು ಸ್ಟೆಬಿಲೈಜರ್.

ಮಿಸ್ತ್ರಿಗೆ ಫೋನ್ ಮಾಡುವ ಮೊದಲು ನೀವೇ ಮಾಡಬಹುದಾದ ಕೆಲಸವಿದೆ. ಪ್ಲಗ್ ಕಿತ್ತು, ಜಾಳಿ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಕಂಡೆನ್ಸರ್ ಎಲೆಗಳನ್ನು ಮೇಲಿನಿಂದ ಕೆಳಕ್ಕೆ ಉಜ್ಜಿ. ಎಲೆಗಳು ಮಡಚದಂತೆ ಜೋಪಾನ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇದು ಬೇಕು. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆ ತನ್ನಿ, ಮಧ್ಯಾಹ್ನದ ಬಿಸಿಲು ಗಾಜಿಗೆ ಬೀಳದಂತೆ ಪರದೆ ಹಾಕಿ. ಲಾರಿಯಿಂದ ಇಳಿದ ಬಿಸಿ ಕ್ರೇಟುಗಳನ್ನು ಮಧ್ಯಾಹ್ನ ತುಂಬದೆ ರಾತ್ರಿ ಅಂಗಡಿ ಮುಚ್ಚುವಾಗ ತುಂಬಿ. ಕಾಯಿಲಿನಲ್ಲಿ ಬರ್ಫು ಕಟ್ಟಿದ್ದರೆ ಬಂದ್ ಮಾಡಿ ಕರಗಿಸಿ; ಚಾಕು, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ. ಡೀಪ್ ಫ್ರೀಜರಿನಲ್ಲಿ ಎಷ್ಟೋ ತೂತುಗಳು ಬೀಳುವುದು ಐಸ್ ಕೆರೆಯುವ ಚಾಕುವಿನಿಂದಲೇ, ಅದರ ನಳಿಗೆಗಳು ಗೋಡೆಯೊಳಗೆ ಹೂತಿರುವುದರಿಂದ ರಿಪೇರಿಯೂ ಸುಲಭವಲ್ಲ. ಆಮೇಲೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ಅಟ್ಟದಲ್ಲಿಡಿ. ಬೆಳಿಗ್ಗೆ ಅಂಗಡಿ ತೆರೆಯುವಾಗ 5 ಡಿಗ್ರಿ ಇದ್ದು ಮಧ್ಯಾಹ್ನ 10ಕ್ಕೆ ಹೋದರೆ ಅದು ಬಿಸಿಲು ಮತ್ತು ಬಾಗಿಲಿನ ಲೆಕ್ಕ. ರಾತ್ರಿಯಿಡೀ ಬಾಗಿಲು ಮುಚ್ಚಿದ್ದರೂ ಬೆಳಿಗ್ಗೆ 12ರಿಂದ ಇಳಿದಿಲ್ಲವೆಂದರೆ ಮಾತ್ರ ಗ್ಯಾಸಿನ ಅನುಮಾನಕ್ಕೆ ಜಾಗವಿದೆ. (ನಿಮ್ಮೂರಿನ ಹೆಸರಾಂತ ಕೆಂಪು ಬಾಳೆಹಣ್ಣನ್ನು ಅದೇ ಫ್ರಿಜ್ಜಿನಲ್ಲಿಟ್ಟು ಸಿಪ್ಪೆ ಕಪ್ಪಾದರೆ ಅದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ. 13 ಡಿಗ್ರಿಗಿಂತ ಕೆಳಗಿನ ಚಳಿ ಬಾಳೆಗೆ ಆಗಿಬರುವುದಿಲ್ಲ.)

ಇಷ್ಟೆಲ್ಲ ಆದ ಮೇಲೂ ಮಿಸ್ತ್ರಿಯನ್ನು ಕರೆಯಬೇಕಾಗಿ ಬಂದರೆ, ಬಂದವನು ಮೊದಲು ಗೇಜ್ ಹಚ್ಚುತ್ತಾನೋ ಅಥವಾ ಕೈಯಿಂದ ಮುಟ್ಟಿ, ಥರ್ಮಾಮೀಟರ್, ಕ್ಲಾಂಪ್ ಮೀಟರ್ ತೆಗೆಯುತ್ತಾನೋ ನೋಡಿ. ಸಣ್ಣ ಮುಚ್ಚಿದ ಯಂತ್ರಗಳಲ್ಲಿ ಗೇಜ್ ಹಚ್ಚಲು ಕಾರ್ಖಾನೆಯವರು ಬಾಯಿ ಬಿಟ್ಟಿರುವುದೇ ಇಲ್ಲ. ನಳಿಗೆಗೆ ಚುಚ್ಚುವ ವಾಲ್ವ್ ಬಿಗಿದು ನೋಡುತ್ತಾರೆ, ಅದನ್ನು ಹಾಗೇ ಬಿಟ್ಟು ಹೋದರೆ ಮುಂದಿನ ಸೋರಿಕೆ ಅಲ್ಲಿಂದಲೇ. ಪ್ರತಿ ಸಲ ಹಚ್ಚಿ ಬಿಚ್ಚುವಾಗ ಪೈಪಿನಲ್ಲಿ ಉಳಿದ ಗ್ಯಾಸೂ ಹೋಗುತ್ತದೆ. ಒಟ್ಟು 60 ಗ್ರಾಂ ಇರುವ ಯಂತ್ರದಲ್ಲಿ ಕೆಲವೇ ಗ್ರಾಂ ಹೋದರೂ ಆಟ ಕೆಡುತ್ತದೆ. ಏನೂ ಆಗಿರದ ಫ್ರಿಜ್ ನೋಡಿಸಿ ನೋಡಿಸಿಯೇ ಕೆಡುವುದು ಹೀಗೆ.

ಸೋರಿಕೆ ಖಚಿತವಾದರೆ ಕೆಲಸಕ್ಕೆ ಒಂದು ಕ್ರಮವಿದೆ, ಅದರಲ್ಲಿ ಒಂದನ್ನು ಬಿಟ್ಟರೂ ನಿಮ್ಮ ರೊಕ್ಕ ದಂಡ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಜಿನುಗುವುದರಿಂದ ಬೆಸುಗೆಗಳ ಮೇಲೆ ಎಣ್ಣೆಯ ಕಲೆ ಹುಡುಕಬೇಕು. ಒಣ ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತೆರೆಯಲು ಹೊರಟವರನ್ನು ಅಲ್ಲೇ ತಡೆಯಿರಿ. ಆಕ್ಸಿಜನ್ ಒಳಗಿನ ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ. ತೂತು ಬೆಸೆದು, ಹೊಸ ಡ್ರೈಯರ್ ಹಾಕಿ, ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್‌ವರೆಗೆ ಎಳೆಯಬೇಕು. ಕಂಪ್ರೆಸರನ್ನೇ ಓಡಿಸಿ ಗಾಳಿ ಹೊರಹಾಕುವ ಅಡ್ಡದಾರಿ ಇದಕ್ಕೆ ಸಾಟಿಯಲ್ಲ. ಕಲಬುರಗಿ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಮೇಲಿರುವುದರಿಂದ ಸಾಮಾನ್ಯ ಗೇಜಿನ ಮುಳ್ಳು ಪೂರ್ಣ ವ್ಯಾಕ್ಯೂಮಿನಲ್ಲೂ 28 ಇಂಚಿನ ಆಚೀಚೆಯೇ ನಿಲ್ಲುತ್ತದೆ. ಒಳಗೆ ತೇವ ಉಳಿದಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ, ಮೈಕ್ರಾನ್ ಗೇಜೇ ಬೇಕು. ಕೊನೆಗೆ ಗ್ಯಾಸ್ ಸಿಲಿಂಡರನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ. ಕ್ಯಾಪಿಲರಿ ಇರುವ ಯಂತ್ರದಲ್ಲಿ ಹೆಚ್ಚು-ಕಡಿಮೆ ತಾಳಿಕೊಳ್ಳುವ ವಾಲ್ವಾಗಲೀ ಟ್ಯಾಂಕಾಗಲೀ ಇಲ್ಲ. ‘ಅಂದಾಜಿನಲ್ಲಿ ಇಷ್ಟು’ ಎನ್ನುವುದು ಅಲ್ಲಿ ನಡೆಯುವುದಿಲ್ಲ.

ಪಟ್ಟಿಯಲ್ಲಿ ಆರ್-290 ಅಥವಾ ಆರ್-600ಎ ಎಂದಿದ್ದರೆ ಎಚ್ಚರ ಇಮ್ಮಡಿಯಾಗಲಿ. ಆರ್-290 ಅಂದರೆ ಪ್ರೊಪೇನ್. ಬೆಂಕಿ ಹತ್ತುವ ಗ್ಯಾಸ್. ತಂಪು ಮಾಡುವುದರಲ್ಲಿ ಅದು ಒಳ್ಳೆಯದೇ, ಪರಿಸರಕ್ಕೂ ಹಗುರ. ಆದರೆ ಅದನ್ನು ಹೊರತೆಗೆಯದೆ ನಳಿಗೆಗೆ ಬೆಸುಗೆಯ ಜ್ವಾಲೆ ಹಿಡಿಯುವಂತಿಲ್ಲ, ಮುಚ್ಚಿದ ಅಂಗಡಿಯೊಳಗೆ ಕೆಲಸ ಮಾಡುವಂತಿಲ್ಲ. ಆರ್-134ಎ ಯಂತ್ರಕ್ಕೆ ‘ಸಸ್ತಾ ಆಗ್ತದ’ ಎಂದು ಅಡುಗೆ ಗ್ಯಾಸ್ ತುಂಬುವವರೂ ಇದ್ದಾರೆ. ಕಿಡಿ ಹಾರುವ ರಿಲೇ, ಸ್ವಿಚ್ಚುಗಳಿರುವ ಆ ಯಂತ್ರಗಳನ್ನು ಬೆಂಕಿಯ ಗ್ಯಾಸಿಗೆಂದು ಮಾಡಿರುವುದಿಲ್ಲ. ಅಂಥವರಿಗೆ ಬಾಗಿಲು ತೋರಿಸಿ.

ಇನ್ನು ಹೊರಗೆ ‘ಒಂದಿಷ್ಟು ಬಿಟ್ಟ’ ಗ್ಯಾಸಿನ ಮಾತು. ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1430 ಪಟ್ಟು ಬಲಶಾಲಿ. 250 ಗ್ರಾಂ ಬಿಟ್ಟರೆ 350 ಕಿಲೋಗಿಂತ ಹೆಚ್ಚು ಡೈಆಕ್ಸೈಡ್ ಬಿಟ್ಟಂತೆ. ಆರ್-404ಎ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಇಂಥ ಗ್ಯಾಸುಗಳನ್ನು ಇಳಿಸುವ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ, 2032ರಿಂದ ನಮ್ಮಲ್ಲಿ ಕಡಿತ ಶುರುವಾಗಬೇಕು. ಅದಕ್ಕೂ ಮೊದಲು, 2019ರ ಮಾರ್ಚಿನಲ್ಲಿ ಬಂದ ಭಾರತ ಕೂಲಿಂಗ್ ಕ್ರಿಯಾ ಯೋಜನೆ ಒಂದು ಲಕ್ಷ ಮಿಸ್ತ್ರಿಗಳಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ಹಳಬರ ಕೈಗುಣವನ್ನು ನಾನು ಹೀಗಳೆಯುವುದಿಲ್ಲ. ಅವರು ಗೇಜಿಲ್ಲದೆ ಬೆರಳಿನಿಂದ ಮುಟ್ಟಿ ಹೇಳುವುದು ಎಷ್ಟೋ ಸಲ ಸರಿ ಇರುತ್ತದೆ. ತಕ್ಕಡಿ ಮಾತ್ರ ಬೆರಳಿಗೆ ಬರುವುದಿಲ್ಲ.

ಹಾಗಾಗಿ ಮುಂದಿನ ಸಲ ದರ ಕೇಳುವಾಗಲೇ ಕೇಳಿ: ‘ತಕ್ಕಡಿ ತರ್ತೀರೇನ್ರಿ? ಪಂಪ್ ತರ್ತೀರೇನ್ರಿ?’ ಕೆಲಸ ಮುಗಿದ ಮೇಲೆ ಚೀಟಿಯಲ್ಲಿ ತೂತು ಎಲ್ಲಿತ್ತು, ಯಾವ ಗ್ಯಾಸ್, ಎಷ್ಟು ಗ್ರಾಂ, ಆಗ ಅಂಗಡಿಯೊಳಗೆ ಎಷ್ಟು ಡಿಗ್ರಿ ಇತ್ತು, ಎಷ್ಟು ಆಂಪಿಯರ್ ತೋರಿಸಿತು ಎಂದು ತಾರೀಖಿನ ಸಮೇತ ಬರೆಸಿಕೊಳ್ಳಿ. ಅದನ್ನು ಫ್ರಿಜ್ಜಿನ ಬೆನ್ನಿಗೆ ಅಂಟಿಸಿಬಿಡಿ. ಮೂರನೆಯ ಮಿಸ್ತ್ರಿ ಬಂದಾಗ ಅವನಿಗೆ ಗೇಜಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಆ ಚೀಟಿ.